ಕಡಲಿನಿಂದ ಬಂದ ಹಸಿರು ದೀಪ

ಮುಂಗಾರಿನ ಮೊದಲ ಮಳೆಗಳು ಬೀಳುವ ದಿನಗಳಲ್ಲಿ ಬೇಲಿಯ ಗಿಡಗಳ ಮೇಲೆ ಮಿಂಚುಹುಳುಗಳು ಮಿನುಗುವುದನ್ನು ನಮ್ಮಲ್ಲಿ ಹಲವರು ಕಂಡಿದ್ದೇವೆ. ಹುಳುವನ್ನು ಅಂಗೈಯಲ್ಲಿ ಹಿಡಿದರೆ ಬೆಳಕು ಕಾಣುತ್ತದೆ, ಆದರೆ ಕೈ ಸುಡುವುದಿಲ್ಲ. ಆ ಬೆಳಕಿಗೆ ಎಣ್ಣೆ ಬೇಡ, ಬತ್ತಿ ಬೇಡ, ವಿದ್ಯುಚ್ಛಕ್ತಿಯೂ ಬೇಡ. ಹಾಗಾದರೆ ಅದು ಹುಟ್ಟುವುದು ಹೇಗೆ? ಈ ಪ್ರಶ್ನೆ ಅನೇಕರ ಮನಸ್ಸಿನಲ್ಲಿ ಒಂದು ಕ್ಷಣ ಮೂಡಿ ಮರೆಯಾಗುತ್ತದೆ. ಇದೇ ಪ್ರಶ್ನೆಯ ಬೆನ್ನುಹತ್ತಿ ತಮ್ಮ ಆಯುಷ್ಯದ ಐವತ್ತು ವರ್ಷಗಳನ್ನು ಕಳೆದ ವಿಜ್ಞಾನಿಯೊಬ್ಬರಿದ್ದರು. ಅವರೇ ಜಪಾನಿನ ಒಸಾಮು ಶಿಮೊಮುರಾ. ಕಡಲಿನ ಒಂದು ಸಣ್ಣ ಪ್ರಾಣಿಯಿಂದ ಅವರು ಬೇರ್ಪಡಿಸಿದ ಹಸಿರು ವಸ್ತುವೊಂದು ಇಂದು ಲೋಕದ ಅಸಂಖ್ಯಾತ ಪ್ರಯೋಗಶಾಲೆಗಳಲ್ಲಿ ಸೂಕ್ಷ್ಮದರ್ಶಕದ ಕೆಳಗೆ ಬೆಳಗುತ್ತಿದೆ.

ಆ ವಸ್ತುವಿನ ಬೆಲೆ ತಿಳಿಯಬೇಕಾದರೆ ಸೂಕ್ಷ್ಮದರ್ಶಕದ ಒಂದು ಕೊರತೆಯನ್ನು ಮೊದಲು ಅರಿಯಬೇಕು. 1665ರಲ್ಲಿ ರಾಬರ್ಟ್ ಹುಕ್ ಬೆಂಡಿನ ತೆಳುವಾದ ಹೋಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಅದರಲ್ಲಿ ಕಂಡ ಸಣ್ಣ ಕೋಣೆಗಳನ್ನು ವರ್ಣಿಸಿದನು. ಜೀವಕೋಶದ ಕಥೆ ಆರಂಭವಾದದ್ದು ಅಲ್ಲಿಂದ. ಮಸೂರಗಳು ಸುಧಾರಿಸಿದಂತೆ ಹೆಚ್ಚು ಹೆಚ್ಚು ಸೂಕ್ಷ್ಮವಾದುದನ್ನು ನೋಡುವುದು ಸಾಧ್ಯವಾಯಿತು. ಆದರೆ ಜೀವಕೋಶವು ಬಹುಮಟ್ಟಿಗೆ ನೀರಿನಂತೆ ಪಾರದರ್ಶಕವಾದುದು. ಅದರ ಒಳಭಾಗಗಳು ಎದ್ದು ಕಾಣಬೇಕಾದರೆ ಬಣ್ಣ ಕಟ್ಟಬೇಕು. ಬಣ್ಣ ಕಟ್ಟುವ ವಿಧಾನಗಳಲ್ಲಿ ಹೆಚ್ಚಿನವು ಜೀವಕೋಶವನ್ನು ಕೊಂದುಬಿಡುತ್ತಿದ್ದವು. ಸತ್ತ ಕೋಶವನ್ನು ಎಷ್ಟು ನೋಡಿದರೂ ಬದುಕಿರುವ ಕೋಶದಲ್ಲಿ ಯಾವ ವಸ್ತು ಎಲ್ಲಿಂದ ಎಲ್ಲಿಗೆ ಹೋಗುತ್ತದೆ, ಯಾವಾಗ ಹುಟ್ಟುತ್ತದೆ, ಯಾವಾಗ ಅಳಿಯುತ್ತದೆ ಎಂಬುದು ತಿಳಿಯುವುದಿಲ್ಲ. ಒಂದೊಂದು ಕೋಶದಲ್ಲಿಯೂ ಸಾವಿರಾರು ಬಗೆಯ ಪ್ರೋಟೀನುಗಳು ಕೆಲಸ ಮಾಡುತ್ತಿರುತ್ತವೆ. ಅವುಗಳಲ್ಲಿ ಬೇಕಾದ ಒಂದನ್ನೇ, ಕೋಶಕ್ಕೆ ಹಾನಿ ಮಾಡದೆ, ಗುರುತಿಸುವುದು ಹೇಗೆ? ಜೀವವಿಜ್ಞಾನಿಗಳಿಗೆ ಇದು ಬಹುಕಾಲ ಬಿಡಿಸಲಾಗದ ಒಗಟಾಗಿತ್ತು. ಇದಕ್ಕೆ ದೊರೆತ ಉತ್ತರವು, ಈ ಒಗಟನ್ನು ಬಿಡಿಸಲು ಹೊರಟಿರದವರೊಬ್ಬರ ಕೈಯಿಂದ ಬಂದಿತು.

ಶಿಮೊಮುರಾ ಅವರು ಹುಟ್ಟಿದ್ದು 1928ರ ಆಗಸ್ಟ್ 27ರಂದು, ಜಪಾನಿನ ಕ್ಯೋಟೋ ಪ್ರಾಂತದ ಫುಕುಚಿಯಾಮ ಎಂಬ ಊರಿನಲ್ಲಿ. ತಂದೆ ಸೇನೆಯ ಅಧಿಕಾರಿ. ಊರಿಂದೂರಿಗೆ ವರ್ಗವಾಗುತ್ತಿದ್ದ ತಂದೆಯೊಡನೆ ಬಾಲಕನ ಶಾಲೆಯೂ ಬದಲಾಗುತ್ತಿತ್ತು. ಎರಡನೆಯ ಮಹಾಯುದ್ಧ ಉಗ್ರರೂಪ ತಾಳಿದಾಗ ಕುಟುಂಬವು ನಾಗಸಾಕಿಯ ಸಮೀಪದ ಇಸಹಯ ಎಂಬ ಊರಿಗೆ ಬಂದು ನೆಲೆಸಿತು. ಆಗ ಶಾಲೆಗಳಲ್ಲಿ ಪಾಠಗಳು ನಿಂತುಹೋಗಿದ್ದವು. ವಿದ್ಯಾರ್ಥಿಗಳನ್ನು ಯುದ್ಧದ ಕಾರ್ಖಾನೆಗಳಲ್ಲಿ ದುಡಿಯಲು ಕಳುಹಿಸುತ್ತಿದ್ದರು. ಹದಿನಾರು ವರ್ಷದ ಒಸಾಮು ಕೂಡ ಅಂತಹ ಒಂದು ಕಾರ್ಖಾನೆಯ ಕೆಲಸಗಾರನಾದ.

1945ರ ಆಗಸ್ಟ್ 9ರ ಬೆಳಗ್ಗೆ ಅವನು ಕಾರ್ಖಾನೆಯಲ್ಲಿದ್ದಾಗ ಕಿಟಕಿಯಿಂದ ಕಣ್ಣು ಕೋರೈಸುವ ಬೆಳಕೊಂದು ಒಳನುಗ್ಗಿತು. ಕೆಲವು ಕ್ಷಣಗಳ ಕಾಲ ಅವನಿಗೆ ಏನೂ ಕಾಣದಾಯಿತು. ಅನಂತರ ಭೀಕರವಾದ ಸದ್ದೂ ಗಾಳಿಯ ಹೊಡೆತವೂ ಬಂದವು. ನಾಗಸಾಕಿಯ ಮೇಲೆ ಪರಮಾಣು ಬಾಂಬು ಬಿದ್ದಿತ್ತು. ಸಂಜೆ ಮನೆಗೆ ನಡೆದು ಹೋಗುವಾಗ ಆಕಾಶದಿಂದ ಕಪ್ಪು ಮಳೆ ಸುರಿದು ಅವನ ಬಿಳಿಯ ಅಂಗಿ ಬೂದಿಬಣ್ಣಕ್ಕೆ ತಿರುಗಿತು. ಮನೆಗೆ ಬಂದ ಕೂಡಲೇ ಅಜ್ಜಿ ಅವನಿಗೆ ಸ್ನಾನ ಮಾಡಿಸಿದರು. ವಿಕಿರಣದ ಅಪಾಯವು ಅಂದು ಅಲ್ಲಿ ಯಾರಿಗೂ ತಿಳಿದಿರಲಿಲ್ಲ. ಆದರೂ ಆ ಸ್ನಾನ ತಮ್ಮನ್ನು ಕಾಪಾಡಿರಬಹುದೆಂದು ಶಿಮೊಮುರಾ ಮುಂದೆ ನೆನೆದುಕೊಂಡರು. ಬೆಳಕಿನ ಅಧ್ಯಯನದಲ್ಲಿ ಬಾಳನ್ನು ಸವೆಸಿದ ಈ ವ್ಯಕ್ತಿ ಹರೆಯದಲ್ಲಿ ಕಂಡ ಅತ್ಯಂತ ಪ್ರಖರವಾದ ಬೆಳಕು ಒಂದು ನಗರವನ್ನೇ ಸುಟ್ಟ ಬೆಳಕಾಗಿತ್ತು.

ಯುದ್ಧ ಮುಗಿದಾಗ ದೇಶ ಬಡವಾಗಿತ್ತು. ಓದು ಅರ್ಧಕ್ಕೆ ನಿಂತಿದ್ದ ತರುಣನಿಗೆ ಎರಡು ಮೂರು ವರ್ಷ ಯಾವ ವಿದ್ಯಾಲಯದ ಬಾಗಿಲೂ ತೆರೆಯಲಿಲ್ಲ. ಬಾಂಬಿನಿಂದ ಹಾಳಾದ ನಾಗಸಾಕಿ ವೈದ್ಯಕೀಯ ಕಾಲೇಜಿನ ಔಷಧಶಾಸ್ತ್ರ ವಿಭಾಗವನ್ನು ಅವರ ಮನೆಯ ಸಮೀಪಕ್ಕೆ ತಾತ್ಕಾಲಿಕವಾಗಿ ಸ್ಥಳಾಂತರಿಸಿದ್ದರು. ಔಷಧಶಾಸ್ತ್ರದಲ್ಲಿ ವಿಶೇಷ ಒಲವೇನೂ ಇರಲಿಲ್ಲ. ಸಿಕ್ಕ ಅವಕಾಶ ಅದೊಂದೇ ಆಗಿತ್ತು. 1948ರಲ್ಲಿ ಅಲ್ಲಿ ಸೇರಿ 1951ರಲ್ಲಿ ವ್ಯಾಸಂಗ ಮುಗಿಸಿದ ಶಿಮೊಮುರಾ, ಅಲ್ಲಿಯೇ ಪ್ರಾಧ್ಯಾಪಕ ಯಸುನಾಗ ಅವರ ಸಹಾಯಕರಾಗಿ ನಾಲ್ಕು ವರ್ಷ ದುಡಿದರು. ಶಿಷ್ಯನ ಶ್ರದ್ಧೆಯನ್ನು ಮೆಚ್ಚಿದ ಗುರುಗಳು ಅವರನ್ನು ಹೆಚ್ಚಿನ ಕಲಿಕೆಗಾಗಿ ನಗೋಯ ವಿಶ್ವವಿದ್ಯಾನಿಲಯಕ್ಕೆ ಕರೆದೊಯ್ದರು.

ನಗೋಯದಲ್ಲಿ 1955ರಲ್ಲಿ ಪ್ರಾಧ್ಯಾಪಕ ಯೋಶಿಮಸ ಹಿರತ ಅವರು ಈ ತರುಣನಿಗೆ ಒಂದು ಕಠಿಣ ಕಾರ್ಯವನ್ನು ಒಪ್ಪಿಸಿದರು. ಜಪಾನಿನ ಕರಾವಳಿಯಲ್ಲಿ ಕಡಲ ಮಿಂಚುಹುಳು ಎಂದು ಹೆಸರಾದ, ಎಳ್ಳುಕಾಳಿನಷ್ಟು ಚಿಕ್ಕದಾದ ಚಿಪ್ಪಿನ ಜೀವಿಯೊಂದಿದೆ. ಅದನ್ನು ಒಣಗಿಸಿ ಪುಡಿಮಾಡಿ ನೀರು ಬೆರೆಸಿದರೆ ನೀಲಿ ಬೆಳಕು ಹೊಮ್ಮುತ್ತದೆ. ಆ ಬೆಳಕಿಗೆ ಕಾರಣವಾದ ಲೂಸಿಫೆರಿನ್ ಎಂಬ ವಸ್ತುವನ್ನು ಶುದ್ಧಗೊಳಿಸಿ ಸ್ಫಟಿಕರೂಪಕ್ಕೆ ತರಬೇಕಾಗಿತ್ತು. ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ಬಹಳ ವರ್ಷ ಪ್ರಯತ್ನಿಸಿದರೂ ಅದು ಕೈಗೂಡಿರಲಿಲ್ಲ. ಗಾಳಿಯ ಆಮ್ಲಜನಕ ಸೋಂಕಿದರೆ ಸಾಕು, ಲೂಸಿಫೆರಿನ್ ಕೆಟ್ಟುಹೋಗುತ್ತಿತ್ತು. ಪ್ರಯೋಗ ವಿಫಲವಾಗಬಹುದಾದ್ದರಿಂದ ಇದನ್ನು ಪದವಿಗಾಗಿ ಓದುವ ವಿದ್ಯಾರ್ಥಿಗೆ ಕೊಡಲು ಹಿರತ ಅವರು ಹಿಂಜರಿದಿದ್ದರು. ಶಿಮೊಮುರಾ ಪದವಿಯ ಹಂಬಲದಿಂದ ಬಂದವರಲ್ಲ. ಆದ್ದರಿಂದ ಆ ಕಾರ್ಯ ಅವರ ಪಾಲಿಗೆ ಬಂದಿತು.

ಹತ್ತು ತಿಂಗಳು ಹಗಲಿರುಳೆನ್ನದೆ ದುಡಿದರು. ಜಲಜನಕದ ಆವರಣದಲ್ಲಿಟ್ಟು ಲೂಸಿಫೆರಿನ್ನನ್ನು ಶುದ್ಧಗೊಳಿಸಿದರು. ಆದರೆ ಸ್ಫಟಿಕ ಮಾತ್ರ ಮೂಡಲಿಲ್ಲ. 1956ರ ಫೆಬ್ರುವರಿಯ ಒಂದು ರಾತ್ರಿ, ಉಳಿದ ಸ್ವಲ್ಪ ದ್ರಾವಣವನ್ನು ಬೇರೊಂದು ಪರೀಕ್ಷೆಗೆಂದು ಪ್ರಬಲವಾದ ಹೈಡ್ರೊಕ್ಲೋರಿಕ್ ಆಮ್ಲದೊಡನೆ ಬೆರೆಸಿಟ್ಟು ಮನೆಗೆ ತೆರಳಿದರು. ಬೆಳಗ್ಗೆ ಬಂದು ನೋಡಿದಾಗ ತಳದಲ್ಲಿ ಸೂಜಿಯಂತಹ ಕೆಂಪು ಹರಳುಗಳು ಕಂಡವು. ಸೂಕ್ಷ್ಮದರ್ಶಕದ ಕೆಳಗಿಟ್ಟು ಪರೀಕ್ಷಿಸಿದರು. ಅವು ಲೂಸಿಫೆರಿನ್ನಿನ ಸ್ಫಟಿಕಗಳೇ ಆಗಿದ್ದವು. ಇದನ್ನು ಅದೃಷ್ಟವೆಂದು ಕರೆಯಬಹುದು. ಆದರೆ ಹತ್ತು ತಿಂಗಳ ದುಡಿಮೆ ಆ ದ್ರಾವಣವನ್ನು ಅಷ್ಟು ಶುದ್ಧವಾಗಿ ಸಿದ್ಧಗೊಳಿಸಿರದಿದ್ದರೆ ಆ ಅದೃಷ್ಟಕ್ಕೆ ಬಂದು ನಿಲ್ಲಲು ಎಡೆಯೇ ಇರುತ್ತಿರಲಿಲ್ಲ.

ಈ ಸುದ್ದಿ ಪ್ರಿನ್ಸ್‌ಟನ್ನಿಗೆ ಮುಟ್ಟಿತು. ಅಲ್ಲಿನ ಪ್ರಾಧ್ಯಾಪಕ ಫ್ರಾಂಕ್ ಜಾನ್ಸನ್ ಅವರು ಶಿಮೊಮುರಾ ಅವರನ್ನು ಆಹ್ವಾನಿಸಿದರು. ಹೊರಡುವ ಮುನ್ನ ನಗೋಯ ವಿಶ್ವವಿದ್ಯಾನಿಲಯವು ಅವರಿಗೆ ಡಾಕ್ಟರೇಟ್ ಪದವಿಯನ್ನು ನೀಡಿ ಗೌರವಿಸಿತು. 1960ರಲ್ಲಿ ಅವರು ಹಡಗನ್ನೇರಿ ಅಮೆರಿಕೆಗೆ ಬಂದರು. ಜಾನ್ಸನ್ ಅವರು ಬಿಳಿಯ ಪುಡಿಯೊಂದನ್ನು ತೋರಿಸಿ, ಇದು ಬೆಳಕು ಬೀರುವ ಅಂಬಲಿಮೀನಿನಿಂದ ಬಂದುದೆಂದೂ ಇದರ ಗುಟ್ಟನ್ನು ಬಿಡಿಸಬೇಕೆಂದೂ ತಿಳಿಸಿದರು. ಅಂಬಲಿಮೀನು ಹೆಸರಿಗೆ ಮಾತ್ರ ಮೀನು. ಜೆಲ್ಲಿಮೀನು ಎಂದೂ ಕರೆಯಲಾಗುವ ಅದಕ್ಕೆ ಮೂಳೆಯಿಲ್ಲ. ಗಂಜಿಯಂತೆ ಮೆತ್ತಗಿರುವ, ಕೊಡೆಯ ಆಕಾರದ ಕಡಲ ಜೀವಿ ಅದು. ಶಾಂತಸಾಗರದ ತೀರದಲ್ಲಿ ಸಿಗುವ ಅದರ ಒಂದು ಜಾತಿಯಲ್ಲಿ, ಕೊಡೆಯ ಅಂಚಿನ ಸುತ್ತ ಹಸಿರು ಬೆಳಕು ಬೀರುವ ಚುಕ್ಕೆಗಳಿರುತ್ತವೆ.

1961ರ ಬೇಸಗೆಯಲ್ಲಿ ಶಿಮೊಮುರಾ ಮತ್ತು ಜಾನ್ಸನ್ ಸಲಕರಣೆಗಳನ್ನು ಕಾರಿನಲ್ಲಿ ತುಂಬಿಕೊಂಡು ಅಮೆರಿಕದ ಪೂರ್ವ ತೀರದಿಂದ ಪಶ್ಚಿಮ ತೀರಕ್ಕೆ ಸುಮಾರು 5,000 ಕಿಲೋಮೀಟರ್ ದೂರ ಪಯಣಿಸಿ ಫ್ರೈಡೇ ಹಾರ್ಬರ್ ಎಂಬ ಬಂದರನ್ನು ತಲಪಿದರು. ಅಲ್ಲಿ ವಾಷಿಂಗ್‌ಟನ್ ವಿಶ್ವವಿದ್ಯಾನಿಲಯದ ಪ್ರಯೋಗಶಾಲೆಯೊಂದಿತ್ತು. ಹಿಡಿಬಲೆಗಳಿಂದ ಅಂಬಲಿಮೀನುಗಳನ್ನು ಹಿಡಿದು, ಕತ್ತರಿಯಿಂದ ಬೆಳಕಿನ ಅಂಚನ್ನು ಮಾತ್ರ ಬಿಡಿಸಿ, ಬಟ್ಟೆಯಲ್ಲಿಟ್ಟು ಹಿಂಡಿ ರಸ ತೆಗೆದರು. ಎಲ್ಲ ಬೆಳಗುವ ಜೀವಿಗಳಲ್ಲಿಯೂ ಲೂಸಿಫೆರಿನ್ ಇದ್ದೇ ಇರಬೇಕೆಂಬುದು ಆ ಕಾಲದ ನಂಬಿಕೆ. ಅದನ್ನು ಬೇರ್ಪಡಿಸಲು ತಿಳಿದ ಉಪಾಯಗಳನ್ನೆಲ್ಲ ಹೂಡಿದರೂ ಫಲ ದೊರೆಯಲಿಲ್ಲ. ಈ ನಂಬಿಕೆಯನ್ನೇ ಬಿಟ್ಟು, ಬೆಳಗುವ ವಸ್ತು ಯಾವುದಾದರೂ ಆಗಿರಲಿ, ಅದನ್ನೇ ಬೇರ್ಪಡಿಸೋಣ ಎಂದರು ಶಿಮೊಮುರಾ. ಜಾನ್ಸನ್ ಅವರಿಗೆ ಅದು ಒಪ್ಪಿಗೆಯಾಗಲಿಲ್ಲ. ಒಂದೇ ಮೇಜಿನ ಎರಡು ತುದಿಗಳಲ್ಲಿ ಇಬ್ಬರೂ ಬೇರೆ ಬೇರೆ ದಾರಿಯ ಪ್ರಯೋಗಗಳನ್ನು ನಡೆಸಿದರು.

ಯೋಚನೆಗೆ ಏಕಾಂತ ಬೇಕೆನಿಸಿದಾಗ ಶಿಮೊಮುರಾ ಒಂದು ಪುಟ್ಟ ದೋಣಿಯಲ್ಲಿ ಕೊಲ್ಲಿಯ ನಡುವೆ ಹೋಗಿ ಮಲಗಿ ಚಿಂತಿಸುತ್ತಿದ್ದರು. ಒಂದು ದಿನ ಅಲ್ಲಿಯೇ ಒಂದು ವಿಚಾರ ಹೊಳೆಯಿತು. ಈ ಬೆಳಕಿನಲ್ಲಿ ಯಾವುದೋ ಪ್ರೋಟೀನಿನ ಪಾತ್ರವಿರಬೇಕು; ಪ್ರೋಟೀನಿನ ವರ್ತನೆಯು ಆಮ್ಲದ ಪ್ರಮಾಣದೊಡನೆ ಬದಲಾಗುತ್ತದೆ; ಹಾಗಾದರೆ ಆಮ್ಲದಿಂದ ಬೆಳಕನ್ನು ತಾತ್ಕಾಲಿಕವಾಗಿ ನಿಲ್ಲಿಸಬಹುದಲ್ಲವೆ? ದಡಕ್ಕೆ ಬಂದು ಪರೀಕ್ಷಿಸಿದರು. ರಸವನ್ನು ತಕ್ಕಷ್ಟು ಆಮ್ಲೀಯವಾಗಿಸಿದಾಗ ಬೆಳಕು ನಿಂತಿತು. ಆಮ್ಲವನ್ನು ತಟಸ್ಥಗೊಳಿಸಿದಾಗ ಮಂದವಾಗಿ ಮರಳಿತು. ಕೆಲಸ ಮುಗಿಸಿ ಉಳಿದ ದ್ರಾವಣವನ್ನು ತೊಟ್ಟಿಗೆ ಸುರಿದ ಕ್ಷಣವೇ ತೊಟ್ಟಿಯೊಳಗೆ ಪ್ರಖರವಾದ ನೀಲಿ ಬೆಳಕು ಝಗ್ಗೆಂದು ಹೊಳೆಯಿತು. ಆ ತೊಟ್ಟಿಗೆ ಪಕ್ಕದ ಜಲಚರಾಲಯದಿಂದ ಕಡಲ ನೀರು ಹರಿದು ಬರುತ್ತಿತ್ತು. ಕಡಲ ನೀರಿನಲ್ಲಿರುವ ಕ್ಯಾಲ್ಸಿಯಂ ಈ ಬೆಳಕನ್ನು ಹೊತ್ತಿಸುತ್ತದೆ ಎಂಬುದು ಅವರಿಗೆ ಬೇಗನೆ ಸ್ಪಷ್ಟವಾಯಿತು. ಕ್ಯಾಲ್ಸಿಯಮನ್ನು ಕಟ್ಟಿಹಾಕುವ ರಾಸಾಯನಿಕವನ್ನು ಬೆರೆಸಿದರೆ ಬೆಳಗುವ ವಸ್ತುವನ್ನು ಕೆಡದಂತೆ ಪಡೆಯುವುದು ಸಾಧ್ಯವಾಯಿತು. ಎಷ್ಟೋ ಮಂದಿಯ ಕಣ್ಣಿಗೆ ಅದು ಒಂದು ವಿಚಿತ್ರವಾಗಿ ಮಾತ್ರ ತೋರುತ್ತಿತ್ತು; ಶಿಮೊಮುರಾ ಅದರಲ್ಲಿ ತಮ್ಮ ಪ್ರಶ್ನೆಯ ಉತ್ತರವನ್ನು ಕಂಡರು.

ಆ ಒಂದು ಬೇಸಗೆಯಲ್ಲಿ ಅವರು ಸಂಗ್ರಹಿಸಿದ ಅಂಬಲಿಮೀನುಗಳು ಸುಮಾರು 10,000. ಅವುಗಳಿಂದ ಕೊನೆಗೆ ದೊರೆತ ಶುದ್ಧ ವಸ್ತು ಸುಮಾರು 5 ಮಿಲಿಗ್ರಾಂ, ಎಂದರೆ ಒಂದು ಗ್ರಾಮಿನ ಇನ್ನೂರನೆಯ ಒಂದು ಭಾಗ. ಈ ಪ್ರೋಟೀನಿಗೆ ಈಕ್ವೊರಿನ್ ಎಂದು ಹೆಸರಿಟ್ಟು 1962ರಲ್ಲಿ ಪ್ರಕಟಿಸಿದರು. ಕ್ಯಾಲ್ಸಿಯಂ ಇದ್ದೆಡೆ ನೀಲಿಯಾಗಿ ಬೆಳಗುವ ಈಕ್ವೊರಿನ್, ಸ್ನಾಯುಗಳಲ್ಲಿ ಕ್ಯಾಲ್ಸಿಯಂ ಮಾಡುವ ಕೆಲಸವನ್ನು ಅರಿಯಲು ಮುಂದೆ ಒಳ್ಳೆಯ ಸಾಧನವಾಯಿತು. ಅದೇ ಲೇಖನದಲ್ಲಿ, ಶುದ್ಧೀಕರಣದ ವೇಳೆ ಇನ್ನೊಂದು ಪ್ರೋಟೀನು ಬಹು ಸ್ವಲ್ಪ ಪ್ರಮಾಣದಲ್ಲಿ ದೊರೆತುದನ್ನೂ ಸೂಚಿಸಿದ್ದರು. ನೇರಳಾತೀತ ಕಿರಣ ಬಿದ್ದಾಗ ಅದು ಹಸಿರಾಗಿ ಹೊಳೆಯುತ್ತಿತ್ತು. ಮುಂದೆ ಲೋಕಪ್ರಸಿದ್ಧವಾದ ಹಸಿರು ಪ್ರತಿದೀಪ್ತಿ ಪ್ರೋಟೀನು ಇದೇ. ಅಂದು ಅದು ಮುಖ್ಯ ಕೆಲಸದ ಬದಿಯಲ್ಲಿ ಸಿಕ್ಕ ಉಪವಸ್ತುವಾಗಿತ್ತು, ಅಷ್ಟೆ.

ಪ್ರತಿದೀಪ್ತಿ ಎಂದರೇನು? ಕೆಲವು ವಸ್ತುಗಳು ಒಂದು ಬಣ್ಣದ ಬೆಳಕನ್ನು ಹೀರಿಕೊಂಡು ಬೇರೊಂದು ಬಣ್ಣದ ಬೆಳಕನ್ನು ಹೊರಸೂಸುತ್ತವೆ. ಕೊಳವೆ ದೀಪದ ಒಳಮೈಗೆ ಬಳಿದ ಬಿಳಿಯ ಪುಡಿ ಕಣ್ಣಿಗೆ ಕಾಣದ ನೇರಳಾತೀತ ಕಿರಣವನ್ನು ಹೀರಿ ಕಾಣುವ ಬೆಳಕನ್ನು ಕೊಡುವುದು ಹೀಗೆಯೇ. ಅಂಬಲಿಮೀನಿನಲ್ಲಿ ಈಕ್ವೊರಿನ್ ಉಂಟುಮಾಡುವ ನೀಲಿ ಬೆಳಕಿನ ಶಕ್ತಿಯನ್ನು ಪಕ್ಕದ ಹಸಿರು ಪ್ರೋಟೀನು ಪಡೆದುಕೊಂಡು ಹಸಿರಾಗಿ ಬೆಳಗುತ್ತದೆ. ಆದ್ದರಿಂದಲೇ ಕಡಲಿನಲ್ಲಿ ಆ ಪ್ರಾಣಿಯ ಬೆಳಕು ನಮಗೆ ಹಸಿರಾಗಿ ಕಾಣುತ್ತದೆ.

ಈ ಎರಡು ಪ್ರೋಟೀನುಗಳ ರಚನೆಯನ್ನು ಅರಿಯಲು 10,000 ಮೀನುಗಳು ಸಾಲವಾದವು. ಬೇಸಗೆ ಬಂದಾಗಲೆಲ್ಲ ಶಿಮೊಮುರಾ ಕುಟುಂಬ ಸಮೇತರಾಗಿ ಫ್ರೈಡೇ ಹಾರ್ಬರಿಗೆ ಹೋಗತೊಡಗಿದರು. ಪತ್ನಿ ಅಕೆಮಿ ಅವರೂ ಇಬ್ಬರು ಮಕ್ಕಳೂ ಬೆಳಗ್ಗೆ ಬೇಗನೆದ್ದು ಬಲೆ ಹಿಡಿದು ನೆರವಾಗುತ್ತಿದ್ದರು. ಹಲವು ವರ್ಷಗಳಲ್ಲಿ ಹೀಗೆ ಹಿಡಿದ ಅಂಬಲಿಮೀನುಗಳ ಸಂಖ್ಯೆ ಸುಮಾರು ಎಂಟೂವರೆ ಲಕ್ಷ! 1979ರಲ್ಲಿ ಶಿಮೊಮುರಾ, ಹಸಿರು ಪ್ರೋಟೀನಿನೊಳಗೆ ಬೆಳಗುವ ಭಾಗದ ರಚನೆಯನ್ನು ಪ್ರಕಟಿಸಿದರು. ಆ ಭಾಗವು ಹೊರಗಿನಿಂದ ಬಂದು ಅಂಟಿಕೊಂಡ ವಸ್ತುವಲ್ಲ. ಪ್ರೋಟೀನಿನ ಸರಪಳಿಯ ಒಂದು ತುಣುಕೇ ಎಂದು ಅದರಿಂದ ತಿಳಿಯಿತು. ತಮ್ಮ ಮಟ್ಟಿಗೆ ಹಸಿರು ಪ್ರೋಟೀನಿನ ಕೆಲಸ ಮುಗಿಯಿತೆಂದು ಭಾವಿಸಿ ಅವರು ಬೇರೆ ಬೆಳಗುವ ಜೀವಿಗಳತ್ತ ತಿರುಗಿದರು.

ಮುಂದಿನ ಹೆಜ್ಜೆಯನ್ನು ಇಟ್ಟವರು ಬೇರೆಯವರು. ವುಡ್ಸ್ ಹೋಲ್ ಎಂಬಲ್ಲಿನ ಸಾಗರವಿಜ್ಞಾನ ಸಂಸ್ಥೆಯಲ್ಲಿದ್ದ ಡಗ್ಲಸ್ ಪ್ರಾಶರ್ ಎಂಬ ವಿಜ್ಞಾನಿ, ಹಸಿರು ಪ್ರೋಟೀನನ್ನು ತಯಾರಿಸುವ ಆದೇಶವನ್ನು ಹೊತ್ತ ಜೀನನ್ನು ಅಂಬಲಿಮೀನಿನಿಂದ ಬೇರ್ಪಡಿಸಿ 1992ರಲ್ಲಿ ಪ್ರಕಟಿಸಿದರು. ಈ ಪ್ರೋಟೀನು 238 ಅಮೈನೋ ಆಮ್ಲಗಳ ಸರಪಳಿಯೆಂದು ತಿಳಿಯಿತು. ಅಷ್ಟರಲ್ಲಿ ಅವರ ಸಂಶೋಧನೆಗೆ ದೊರೆಯುತ್ತಿದ್ದ ಹಣ ನಿಂತುಹೋಯಿತು. ತಾವು ಮುಂದುವರಿಸಲಾಗದ ಕೆಲಸವನ್ನು ಪ್ರಾಶರ್ ಬಚ್ಚಿಡಲಿಲ್ಲ. ಕೇಳಿದ ಇಬ್ಬರು ವಿಜ್ಞಾನಿಗಳಿಗೆ ಆ ಜೀನನ್ನು ಉದಾರವಾಗಿ ಕಳುಹಿಸಿಕೊಟ್ಟರು. ಅವರಲ್ಲಿ ಒಬ್ಬರು ಕೊಲಂಬಿಯಾ ವಿಶ್ವವಿದ್ಯಾನಿಲಯದ ಮಾರ್ಟಿನ್ ಚಾಲ್ಫಿ, ಇನ್ನೊಬ್ಬರು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ರೋಜರ್ ಸಿಯೆನ್.

ಚಾಲ್ಫಿ ಅವರು ಒಂದು ಮಿಲಿಮೀಟರ್ ಉದ್ದದ, ಗಾಜಿನಂತೆ ಪಾರದರ್ಶಕವಾದ ಹುಳುವೊಂದನ್ನು ಅಧ್ಯಯನ ಮಾಡುತ್ತಿದ್ದರು. ಅದರ ದೇಹದೊಳಗೇ ಹಸಿರು ದೀಪ ಹಚ್ಚಬಹುದೆ ಎಂಬುದು ಅವರ ಪ್ರಶ್ನೆ. ಅಂಬಲಿಮೀನಿನ ಬೇರಾವುದೋ ಸಹಾಯಕ ವಸ್ತುವಿಲ್ಲದೆ ಈ ಪ್ರೋಟೀನು ಬೆಳಗಲಾರದೆಂದು ಹಲವರು ಶಂಕಿಸಿದ್ದರು. ಚಾಲ್ಫಿ ಅವರ ವಿದ್ಯಾರ್ಥಿನಿಯೊಬ್ಬಳು ಜೀನನ್ನು ಮೊದಲು ಬ್ಯಾಕ್ಟೀರಿಯಾಕ್ಕೆ ಸೇರಿಸಿದಳು. ತಮ್ಮ ಪ್ರಯೋಗಶಾಲೆಯ ಸೂಕ್ಷ್ಮದರ್ಶಕವು ಅಷ್ಟು ಉತ್ತಮವಾಗಿರದ ಕಾರಣ, ಹಿಂದೆ ತಾನು ಕೆಲಸ ಮಾಡಿದ್ದ ವಿಭಾಗಕ್ಕೆ ಹೋಗಿ ಅಲ್ಲಿನ ಸೂಕ್ಷ್ಮದರ್ಶಕದಲ್ಲಿ ನೋಡಿದಳು. ಬ್ಯಾಕ್ಟೀರಿಯಾಗಳು ಹಸಿರಾಗಿ ಹೊಳೆಯುತ್ತಿದ್ದವು! ಅನಂತರ ಹುಳುವಿನ ಸ್ಪರ್ಶಜ್ಞಾನದ ನರಕೋಶಗಳೂ ಬೆಳಗಿದವು. 1994ರಲ್ಲಿ ಈ ಫಲಿತಾಂಶ ಪ್ರಕಟವಾದಾಗ ಜೀವವಿಜ್ಞಾನದಲ್ಲಿ ಹೊಸದೊಂದು ಬಾಗಿಲು ತೆರೆದಂತಾಯಿತು.

ಇದರ ಮಹತ್ವವನ್ನು ಒಂದು ಉದಾಹರಣೆಯಿಂದ ತಿಳಿಯೋಣ. ಕಗ್ಗತ್ತಲೆಯಲ್ಲಿ ದೂರದ ದಾರಿಯಲ್ಲಿ ಸಾಗುವ ಎತ್ತಿನ ಗಾಡಿ ನಮಗೆ ಕಾಣುವುದಿಲ್ಲ. ಆದರೆ ಅದರ ಅಡಿಯಲ್ಲಿ ಲಾಂದ್ರವನ್ನು ತೂಗುಬಿಟ್ಟಿದ್ದರೆ, ಗಾಡಿ ಎಲ್ಲಿ ತಿರುಗಿತು, ಎಲ್ಲಿ ನಿಂತಿತು ಎಂಬುದೆಲ್ಲ ತಿಳಿಯುತ್ತದೆ. ಅದೇ ರೀತಿ, ಬೇಕಾದ ಪ್ರೋಟೀನಿನ ಜೀನಿಗೆ ಹಸಿರು ಪ್ರೋಟೀನಿನ ಜೀನನ್ನು ಜೋಡಿಸಿದರೆ, ಕೋಶವೇ ಆ ಪ್ರೋಟೀನನ್ನು ಲಾಂದ್ರದೊಡನೆ ತಯಾರಿಸುತ್ತದೆ. ಕೋಶವನ್ನು ಕೊಲ್ಲಬೇಕಿಲ್ಲ, ಹೊರಗಿನ ಬಣ್ಣವನ್ನು ತುಂಬಬೇಕಿಲ್ಲ. ಸೂಕ್ಷ್ಮದರ್ಶಕದಲ್ಲಿ ನೀಲಿ ಬೆಳಕನ್ನು ಹಾಯಿಸಿದರೆ ಸಾಕು. ರೋಜರ್ ಸಿಯೆನ್ ಅವರು ಈ ಪ್ರೋಟೀನಿನ ರಚನೆಯಲ್ಲಿ ಸಣ್ಣ ಮಾರ್ಪಾಡುಗಳನ್ನು ಮಾಡಿ ಅದು ಹೆಚ್ಚು ಪ್ರಖರವಾಗಿ ಬೆಳಗುವಂತೆ ಮಾಡಿದರು. ನೀಲಿ, ಹಳದಿ ಮೊದಲಾದ ಬೇರೆ ಬಣ್ಣಗಳನ್ನೂ ಪಡೆದರು. ಇದರಿಂದ ಒಂದೇ ಕೋಶದಲ್ಲಿ ಹಲವು ಪ್ರೋಟೀನುಗಳ ಚಲನವಲನವನ್ನು ಒಟ್ಟಿಗೆ ನೋಡುವುದು ಸಾಧ್ಯವಾಯಿತು. ಕ್ಯಾನ್ಸರ್ ಕೋಶಗಳು ಹರಡುವ ಬಗೆ, ನರಕೋಶಗಳು ಬೆಳೆಯುವ ಕ್ರಮ, ರೋಗಾಣುಗಳು ದೇಹವನ್ನು ಹೊಗುವ ರೀತಿ ಇವೆಲ್ಲವನ್ನೂ ಇಂದು ಈ ಬೆಳಕಿನಲ್ಲಿ ಅಭ್ಯಸಿಸುತ್ತಾರೆ. ಬೆಳಕಿನ ಸೂಕ್ಷ್ಮದರ್ಶಕಕ್ಕೆ ಒಂದು ಮಿತಿಯಿದೆಯೆಂದು 1873ರಲ್ಲಿ ಅರ್ನ್‌ಸ್ಟ್ ಆಬೆ ತೋರಿಸಿದ್ದನು. ಆ ಮಿತಿಯನ್ನು ದಾಟುವ ವಿಧಾನಗಳಿಗೆ 2014ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಅವುಗಳಲ್ಲೊಂದಕ್ಕೂ ಹಸಿರು ಪ್ರೋಟೀನಿನ ರೂಪಾಂತರಗಳು ನೆರವಾಗಿದ್ದವು.

2008ರ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕವನ್ನು ಶಿಮೊಮುರಾ, ಚಾಲ್ಫಿ ಮತ್ತು ಸಿಯೆನ್ ಅವರು ಹಂಚಿಕೊಂಡರು. ಆ ಪಾರಿತೋಷಕವನ್ನು ಮೂವರಿಗಿಂತ ಹೆಚ್ಚು ಮಂದಿಗೆ ಹಂಚುವಂತಿಲ್ಲ. ಜೀನನ್ನು ಬೇರ್ಪಡಿಸಿಕೊಟ್ಟ ಪ್ರಾಶರ್ ಆಗ ಸಂಶೋಧನೆಯ ಕೆಲಸವಿಲ್ಲದೆ, ಕಾರು ಮಾರುವ ಅಂಗಡಿಯೊಂದರಲ್ಲಿ ವಾಹನ ಚಾಲಕರಾಗಿ ಜೀವನ ಸಾಗಿಸುತ್ತಿದ್ದರು. ಚಾಲ್ಫಿ ಮತ್ತು ಸಿಯೆನ್ ಅವರು ಪ್ರಾಶರ್ ಅವರ ಉಪಕಾರವನ್ನು ಎಲ್ಲರ ಮುಂದೆ ಸ್ಮರಿಸಿ, ತಮ್ಮ ವೆಚ್ಚದಲ್ಲಿ ಅವರನ್ನು ಸ್ಟಾಕ್‌ಹೋಮಿನ ಸಮಾರಂಭಕ್ಕೆ ಕರೆಸಿಕೊಂಡರು. ಕೆಲವು ವರ್ಷಗಳ ಬಳಿಕ ಪ್ರಾಶರ್ ಸಿಯೆನ್ ಅವರ ಪ್ರಯೋಗಶಾಲೆಯಲ್ಲಿ ಮತ್ತೆ ವಿಜ್ಞಾನದ ಕೆಲಸಕ್ಕೆ ಮರಳಿದರು. ವಿಜ್ಞಾನದ ಮನೆಯನ್ನು ಕಟ್ಟುವವರೆಲ್ಲರ ಹೆಸರೂ ಅದರ ಬಾಗಿಲ ಮೇಲೆ ಇರುವುದಿಲ್ಲ ಎಂಬುದನ್ನು ಈ ಪ್ರಸಂಗ ನೆನಪಿಸುತ್ತದೆ.

ಶಿಮೊಮುರಾ ಅವರು 2001ರಲ್ಲಿ ನಿವೃತ್ತರಾದ ಮೇಲೆಯೂ ಮನೆಯಲ್ಲೇ ಒಂದು ಪ್ರಯೋಗಶಾಲೆಯನ್ನು ಇಟ್ಟುಕೊಂಡು ದುಡಿದರು. 2018ರ ಅಕ್ಟೋಬರ್ 19ರಂದು, ಹರೆಯದಲ್ಲಿ ಯುದ್ಧದ ಘೋರವನ್ನು ಕಂಡ ನಾಗಸಾಕಿಯಲ್ಲಿಯೇ, ತೊಂಬತ್ತನೆಯ ವಯಸ್ಸಿನಲ್ಲಿ ಅವರು ಕಣ್ಮುಚ್ಚಿದರು. ಅವರು ಹಸಿರು ಪ್ರೋಟೀನಿನ ಉಪಯೋಗವನ್ನು ಅರಸಿ ಹೊರಟವರಲ್ಲ. ಅಂಬಲಿಮೀನು ಏಕೆ ಬೆಳಗುತ್ತದೆ ಎಂಬುದನ್ನು ತಿಳಿಯುವುದಷ್ಟೇ ಅವರ ಹಂಬಲವಾಗಿತ್ತು. ಇದರಿಂದ ಏನು ಪ್ರಯೋಜನ ಎಂದು 1961ರಲ್ಲಿ ಯಾರಾದರೂ ಕೇಳಿದ್ದರೆ ಹೇಳಲು ಅವರ ಬಳಿ ಉತ್ತರವಿರಲಿಲ್ಲ. ಮೂವತ್ತು ವರ್ಷಗಳ ಬಳಿಕ ಆ ಉತ್ತರವು ತಾನಾಗಿ ಬಂದಿತು. ಇಷ್ಟರಲ್ಲಿ ಫ್ರೈಡೇ ಹಾರ್ಬರಿನ ಕಡಲಿನಲ್ಲಿ ಅಂಬಲಿಮೀನುಗಳು ವಿರಳವಾಗಿದ್ದವು. ಅಂದು ಲಕ್ಷಗಟ್ಟಲೆ ಹಿಡಿದ ಮೀನುಗಳಿಂದ ಆ ವಸ್ತುವಿನ ಗುಣವನ್ನು ಅರಿತುಕೊಂಡಿದ್ದರಿಂದಲೇ ಅದರ ಜೀನನ್ನು ಹುಡುಕುವುದು ಸಾಧ್ಯವಾಯಿತು. ಜೀನು ದೊರೆತಿದ್ದರಿಂದ ಇಂದು ಒಂದು ಮೀನನ್ನೂ ಹಿಡಿಯಬೇಕಿಲ್ಲ. ಜ್ಞಾನವು ಬಿತ್ತಿದ ದಿನವೇ ಫಲ ಕೊಡುವ ಬೆಳೆಯಲ್ಲ. ಒಬ್ಬರು ನೆಟ್ಟುದಕ್ಕೆ ಇನ್ನೊಬ್ಬರು ನೀರೆರೆದು, ಮತ್ತೊಬ್ಬರು ಬೇಲಿ ಕಟ್ಟಿದಾಗ ಅದರ ನೆರಳು ಲೋಕಕ್ಕೆಲ್ಲ ದೊರೆಯುತ್ತದೆ. ಮನಸ್ಸಿನಲ್ಲಿ ಎದ್ದ ಪ್ರಶ್ನೆಯನ್ನು ಅಲ್ಪವೆಂದು ತಳ್ಳಿಬಿಡದೆ, ಅದರ ಬುಡದವರೆಗೆ ಹೋಗುವ ತಾಳ್ಮೆಯೇ ಶಿಮೊಮುರಾ ಅವರ ಬಾಳು ನಮಗೆ ಕಲಿಸುವ ಪಾಠ.